ಓ ನೆಗೆಟಿವ್ ಪಟ್ಟಿಯಲ್ಲಿ ನನ್ನ ಹೆಸರು

ಹೋದ ತಿಂಗಳು ಪಿಂಚಣಿಯ ಕಾಗದಕ್ಕೆ ಒಂದು ಸಹಿ ಬೇಕಾಗಿ ಗದಗಿನ ನಮ್ಮ ಹಳೆಯ ಕಾಲೇಜಿಗೆ ಹೋಗಿದ್ದೆ. ಸಹಿ ಮಾಡಬೇಕಾದವರು ಊಟಕ್ಕೆ ಹೋಗಿದ್ದರು. ಹೊತ್ತು ಕಳೆಯಲು ಮಹಡಿ ಹತ್ತಿದೆ. ಮೂಲೆಯ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕಾಲು ಮುರಿದ ಬೆಂಚುಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಕಿಟಕಿಯಿಂದ ಮಳೆ ಇರಿಚಲು ಹೊಡೆದು, ನೆಲದ ಕೆಂಪು ಕಾರ್ಪೆಟ್ಟು ನೆನೆದಿತ್ತು. ಆ ಹಸಿ ಕಾರ್ಪೆಟ್ಟಿನ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎರಡೂ ಅಂಗೈ ತಣ್ಣಗಾದವು. ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡೆ. ಮೂವತ್ತು ವರ್ಷದ ಮೇಲಾಗಿದೆ. ಮೈಗೆ ಅದು ಇನ್ನೂ ನಿನ್ನೆಯದು.

ಎಂಬತ್ತೊಂಬತ್ತರ ಮಳೆಗಾಲ ಅದು. ನನಗೆ ಇಪ್ಪತ್ತಾರು ವರ್ಷ. ಮನೆಯಲ್ಲಿ ತಂದೆ ಗುಡಿಯ ಪೂಜೆಯ ಜೊತೆಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು; ನಾನು ಗಣಿತ ಕಲಿಸಲು ಕಾಲೇಜು ಸೇರಿ ಎರಡು ವರ್ಷವಾಗಿತ್ತು. ಆ ಜೂನಿನಲ್ಲಿ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಅದಕ್ಕಾಗಿ ಮೂಲೆಯ ಕೋಣೆಗೆ ಸುಣ್ಣ ಹೊಡೆಸಿ, ಕೆಂಪು ಕಾರ್ಪೆಟ್ಟು ಹಾಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಬರೆಸಿದರು. ಧಾರವಾಡದಲ್ಲಿ ಆರು ವಾರದ ತರಬೇತಿಗೆ ಇಬ್ಬರನ್ನು ಕಳಿಸಿದ್ದರು. ಒಬ್ಬಳು ನಾನು. ಇನ್ನೊಬ್ಬರು ಭೌತಶಾಸ್ತ್ರದ ಮಲ್ಲಿಕಾರ್ಜುನ ಸರ್, ಲಕ್ಷ್ಮೇಶ್ವರದವರು. ನನಗಿಂತ ಹತ್ತು ವರ್ಷ ದೊಡ್ಡವರು, ಮಿತಭಾಷಿ, ಪುಸ್ತಕದಲ್ಲಿ ಹೇಗೆ ಹೇಳಿದೆಯೋ ಹಾಗೇ ಮಾಡುವವರು. ಇಬ್ಬರೂ ಸಿ ಭಾಷೆ ಕಲಿತು ಬಂದೆವು.

ಕಾಲೇಜಿನ ವತಿಯಿಂದ ಮಲ್ಲಿಕಾರ್ಜುನ ಸರ್ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಾ ಕಡೆ ರಕ್ತದಾನ ಶಿಬಿರ ನಡೆಸಿದ್ದರು. ಕೊಟ್ಟವರದೆಲ್ಲ ಒಂದೊಂದು ಕಾರ್ಡು ಅವರ ಕಪಾಟಿನಲ್ಲಿತ್ತು: ಹೆಸರು, ಊರು, ಕಸುಬು, ರಕ್ತದ ಗುಂಪು. ಊರಿನ ದವಾಖಾನೆಯವರು ರಕ್ತ ಬೇಕಾದಾಗ ಫೋನ್ ಮಾಡಿದರೆ, ನಾವು ಗುಂಪನ್ನು ಟೈಪು ಮಾಡುವುದು, ಕೊಡುವವರ ಪಟ್ಟಿ ಅಚ್ಚಾಗಿ ಬರುವುದು, ಅದನ್ನು ಫೋನಿನಲ್ಲಿ ಓದಿ ಹೇಳುವುದು. ಇಂಥದೊಂದು ಪ್ರೋಗ್ರಾಮ್ ಬರೆಯೋಣ ಎಂದವರು ಅವರೇ. ನಾನು ಕುಣಿದಾಡಿಬಿಟ್ಟೆ.

ಕೆಲಸ ಹಂಚಿಕೊಂಡೆವು. ಯಾವ ಗುಂಪು ಬೇಕೆಂದು ಕೇಳಿ, ಕೊನೆಗೆ ಪಟ್ಟಿ ಅಚ್ಚು ಹಾಕುವ ಫೈಲು ನನ್ನದು. ಕಾರ್ಡುಗಳಲ್ಲಿ ಹುಡುಕುವ ಫೈಲು ಅವರದು. ಕಾರ್ಡುಗಳಲ್ಲಿದ್ದದ್ದನ್ನೆಲ್ಲ ಇಬ್ಬರೂ ಸೇರಿ ಕಂಪ್ಯೂಟರಿಗೆ ಟೈಪು ಮಾಡಿದೆವು. ಸಿ ಭಾಷೆಯಲ್ಲಿ ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿ ಯಂತ್ರದ ಭಾಷೆಗೆ ಇಳಿಸಬೇಕು; ಆ ಕೆಲಸ ಮಾಡುವುದು ಕಂಪೈಲರ್. ಆಮೇಲೆ ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಮು ಆ ತುಣುಕುಗಳನ್ನು ಕೂಡಿಸಿ ಒಂದು ಮಾಡುತ್ತದೆ. ಈ ಫೈಲಿನಲ್ಲಿ ಕರೆದ ಹೆಸರು ಆ ಫೈಲಿನಲ್ಲಿ ಸಿಕ್ಕರೆ ಕೂಡಿಸುತ್ತದೆ, ಸಿಗದಿದ್ದರೆ ತಕರಾರು ಮಾಡುತ್ತದೆ. ಬೇಕಾದ ಗುಂಪಿನ ಸಂಖ್ಯೆಯನ್ನು ‘ಗುಂಪು’ ಎಂಬ ಹೆಸರಿನ ಜಾಗದಲ್ಲಿ ಇಡುವುದು, ಆ ಜಾಗ ಅವರ ಫೈಲಿನಲ್ಲಿ ಇರುವುದು, ನಾನು ನನ್ನ ಫೈಲಿನಲ್ಲಿ ‘ಎಕ್ಸ್‌ಟರ್ನ್’ ಎಂದು ಬರೆದು, ಇದು ಬೇರೆ ಕಡೆ ಇದೆ ಎಂದು ಸೂಚಿಸುವುದು. ಹೀಗೆ ಮಾತಾಗಿತ್ತು.

ಆಗಸ್ಟಿನ ಕೊನೆಯ ವಾರ. ಎರೆ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಮಳೆ ಜೋರಿಲ್ಲ, ಆದರೆ ಬಿಡುವಿಲ್ಲ. ಬೀಸುವ ಗಾಳಿಗೆ ಮಹಡಿಯ ಕಿಟಕಿಗಳು ದಿನವಿಡೀ ಬಡಿದುಕೊಳ್ಳುತ್ತಿದ್ದವು. ಮಲ್ಲಿಕಾರ್ಜುನ ಸರ್ ತಮ್ಮ ಫೈಲು ಮುಗಿಸಿ, ಅದರ ಅಚ್ಚಿನ ಪ್ರತಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, ತಂಗಿಯ ಮದುವೆಗೆಂದು ಒಂದು ವಾರ ರಜೆ ಹಾಕಿ ಲಕ್ಷ್ಮೇಶ್ವರಕ್ಕೆ ಹೋದರು. ಸೋಮವಾರ ದವಾಖಾನೆಯ ದೊಡ್ಡ ಡಾಕ್ಟರು ಬಂದು ನೋಡುವವರಿದ್ದರು. ಶನಿವಾರ ಮಧ್ಯಾಹ್ನ ನಾನು ಎರಡೂ ಫೈಲು ಕೂಡಿಸಲು ಕೂತೆ.

ಲಿಂಕರ್ ತಕರಾರು ಮಾಡಿತು. ‘ಗುಂಪು’ ಎಂಬ ಹೆಸರು ಎಲ್ಲೂ ಸಿಗುತ್ತಿಲ್ಲವಂತೆ. ಅದೂ ಆ ಹೆಸರಿನ ಮುಂದೆ ನಾನು ಹಾಕಿರದ ಒಂದು ಅಡ್ಡಗೆರೆ ಸೇರಿಸಿ ತೋರಿಸುತ್ತಿತ್ತು. ಆ ಗೆರೆ ಎಲ್ಲಿಂದ ಬಂತೆಂದು ತಿಳಿಯದೆ ಒಂದು ತಾಸು ಒದ್ದಾಡಿದೆ. ಕೊನೆಗೆ ಪುಸ್ತಕದ ಹಿಂದಿನ ಪುಟಗಳಲ್ಲಿ ಸಿಕ್ಕಿತು: ಕಂಪೈಲರ್ ಪ್ರತಿ ಹೆಸರಿಗೂ ತಾನೇ ಒಂದು ಗೆರೆ ಸೇರಿಸುತ್ತದೆ, ಅದು ತಪ್ಪಲ್ಲ. ಆದರೆ ತಕರಾರು ಹೋಗಲಿಲ್ಲ. ಫೈಲುಗಳ ಹೆಸರು ಸರಿಯಾಗಿ ಕೊಟ್ಟಿದ್ದೇನೆಯೇ ಎಂದು ನೋಡಿದೆ. ಕಾಗುಣಿತ ನೋಡಿದೆ. ಸಂಜೆಯಾಗುತ್ತ ಬಂತು, ಜವಾನ ಬೀಗ ಹಿಡಿದು ಬಾಗಿಲಲ್ಲಿ ನಿಂತ. ನಾನು ನನ್ನ ಸಾಲಿನ ‘ಎಕ್ಸ್‌ಟರ್ನ್’ ಎಂಬ ಪದವನ್ನು ಅಳಿಸಿಬಿಟ್ಟೆ. ಹಾಗೆ ಮಾಡಿದರೆ ‘ಗುಂಪು’ ಎಂಬ ಜಾಗ ನನ್ನ ಫೈಲಿನಲ್ಲೇ ಹುಟ್ಟುತ್ತದೆ. ಮತ್ತೆ ಕೂಡಿಸಿದೆ. ಒಂದೂ ತಪ್ಪಿಲ್ಲ ಎಂದು ಪರದೆಯ ಮೇಲೆ ಮೂಡಿತು. ಆ ಸಂತೋಷದಲ್ಲಿ ಸರ್ ಅವರ ಫೈಲನ್ನು ಬಿಚ್ಚಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನದೇ ಗುಂಪು ಎ ಪಾಸಿಟಿವ್. ಅದನ್ನು ಟೈಪು ಮಾಡಿದೆ. ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರೂ ಇತ್ತು. ಸೋಮವಾರ ಡಾಕ್ಟರ ಎದುರಿಗೂ ಅದನ್ನೇ ಮಾಡಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಚಹಾ ಬಂತು. ಬೇರೆ ಗುಂಪು ಹಾಕಿ ನೋಡೋಣ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಬುಧವಾರ ಹತ್ತೂವರೆಗೆ ಪ್ರಿನ್ಸಿಪಾಲರ ಕೋಣೆಯ ಫೋನು ರಿಂಗಾಯಿತು. ದವಾಖಾನೆಯ ಹೆಡ್ ನರ್ಸ್.

“ಬಾಯಾರ, ಓ ನೆಗೆಟಿವ್ ಬೇಕಾಗೇತ್ರಿ. ಹಿರೇಹಂದಿಗೋಳದ ಹುಡುಗಿ, ಹೊಟ್ಟೀಲೆ ಅದಾಳ. ರಕ್ತ ಹೋಗಾಕತ್ತೈತಿ. ರಕ್ತ ಕೈಯಾಗ ಇಲ್ಲದ ಆಪರೇಶನ್ ಮಾಡಾಕ ಆಗೂದಿಲ್ಲ ಅಂತಾರ ಡಾಕ್ಟರು.”

ಮೇಲಕ್ಕೆ ಓಡಿದೆ. ಟೈಪು ಮಾಡಿದೆ. ಪ್ರಿಂಟರು ಕಿರ್ರೆಂದು ಶುರುಮಾಡಿ ಮೂವತ್ತೊಂದು ಹೆಸರು ಹೊರಹಾಕಿತು. ಮೇಲುಗಡೆ ದಪ್ಪಕ್ಷರದಲ್ಲಿ ‘ಓ ನೆಗೆಟಿವ್’ ಎಂದಿತ್ತು. ಮೂವತ್ತೊಂದು ಮಂದಿ ಇದ್ದಾರಲ್ಲ ಎಂದು ನನಗೆ ಹಿಗ್ಗು. ಆ ರಕ್ತ ಎಷ್ಟು ಅಪರೂಪದ್ದೆಂದು ಗಣಿತದ ಮಾಸ್ತರಿಣಿಗೆ ಗೊತ್ತಿರಲಿಲ್ಲ. ಕೆಳಗೆ ಬಂದು ಮೊದಲಿನ ಐದು ಹೆಸರು ಓದಿ ಹೇಳಿದೆ. ಇಬ್ಬರು ಗದಗಿನವರು, ಇಬ್ಬರು ಯಳವತ್ತಿಯ ರೈತರು, ಒಬ್ಬರು ಮುಂಡರಗಿಯವರು. ನರ್ಸ್ ಬಾಯಿ ಬರೆದುಕೊಂಡು, ಈಗಿಂದೀಗ ಜೀಪು ಕಳಿಸುತ್ತೇವೆ ಎಂದರು. ನಾನು ಹೋಗಿ ಬಿ.ಎಸ್‌ಸಿ. ಎರಡನೆಯ ವರ್ಷದ ಪಾಠ ಮಾಡಿದೆ. ಬೋರ್ಡಿನ ಮೇಲೆ ಬರೆಯುವಾಗ ನನ್ನ ಅಕ್ಷರ ಅವತ್ತು ಎಂದಿಗಿಂತ ದುಂಡಗೆ ಬಂದಿತ್ತು. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಹನ್ನೆರಡಕ್ಕೆ ಮತ್ತೆ ಫೋನು. ಈ ಸಲ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಇಮಾಮಸಾಬರು. ವಯಸ್ಸಾದ ಮನುಷ್ಯ, ಯಾವತ್ತೂ ದನಿ ಏರಿಸಿದವರಲ್ಲ.

“ಬಾಯಾರ, ಗದಗಿನವರು ಇಬ್ಬರೂ ಬಂದಾರ. ಇಬ್ಬರದೂ ಎ ಪಾಸಿಟಿವ್ ಐತ್ರಿ. ಎರಡೆರಡು ಸಲ ನೋಡೀನಿ. ನಿಮ್ಮ ಕಾಗದ ಇನ್ನೊಮ್ಮೆ ನೋಡ್ರಿ.”

ಒಬ್ಬರದಾದರೆ ಕಾರ್ಡಿನಲ್ಲಿ ತಪ್ಪು ಬರೆದಿರಬಹುದು. ಇಬ್ಬರದೂ? ಮೇಲೆ ಹೋಗಿ ಕಾಗದ ಕೈಗೆತ್ತಿಕೊಂಡೆ. ಮೊದಲ ಐದು ಹೆಸರು ಬಿಟ್ಟು ಮುಂದಿನದನ್ನು ನಾನು ಓದಿಯೇ ಇರಲಿಲ್ಲ. ಬೆರಳಿಟ್ಟು ಕೆಳಗೆ ಬಂದೆ. ಇಪ್ಪತ್ತೇಳನೆಯ ಹೆಸರು ನನ್ನದು.

ಓ ನೆಗೆಟಿವ್ ಪಟ್ಟಿಯಲ್ಲಿ, ಎ ಪಾಸಿಟಿವ್ ರಕ್ತದ ನಾನು.

ಕುರ್ಚಿ ಇತ್ತು, ಆದರೂ ನೆಲದ ಮೇಲೆ, ಆ ಕಾರ್ಪೆಟ್ಟಿನ ಮೇಲೆಯೇ ಕೂತುಬಿಟ್ಟೆ. ಕಿಟಕಿಯಿಂದ ಬಂದ ಇರಿಚಲಿಗೆ ಅದು ಹಸಿಯಾಗಿತ್ತು. ಸೀರೆ ಒದ್ದೆಯಾದದ್ದು ತಿಳಿಯಲಿಲ್ಲ. ಜೀಪು ಯಳವತ್ತಿಯ ದಾರಿಯಲ್ಲಿತ್ತು. ಅದು ಕರೆತರುವ ರಕ್ತವೂ ಎ ಪಾಸಿಟಿವ್ ಎಂದು ಈಗ ನನಗೆ ಗೊತ್ತಿತ್ತು, ಜೀಪಿನವನಿಗೆ ಗೊತ್ತಿರಲಿಲ್ಲ. ಆ ಹುಡುಗಿಗೆ ಗೊತ್ತಿರಲಿಲ್ಲ.

ಕಾರ್ಡುಗಳನ್ನು ಕೈಯಿಂದಲೇ ಹುಡುಕೋಣವೆಂದು ಸರ್ ಅವರ ಕಪಾಟಿಗೆ ಓಡಿದೆ. ಬೀಗ ಹಾಕಿತ್ತು, ಕೀಲಿ ಅವರ ಜೊತೆ ಲಕ್ಷ್ಮೇಶ್ವರದಲ್ಲಿತ್ತು. ಮುರಿಯಲು ಹೇಳಿ ಜವಾನನನ್ನು ಬಡಿಗನ ಹತ್ತಿರ ಅಟ್ಟಿದೆ. ಕಂಪ್ಯೂಟರಿಗೆ ಬಂದು ಕೂತರೆ ಕರೆಂಟು ಹೋಯಿತು.

ಕತ್ತಲ ಕೋಣೆಯಲ್ಲಿ ಮಾಡಲು ಬೇರೇನೂ ಇರಲಿಲ್ಲ. ಸರ್ ಇಟ್ಟುಹೋದ ಅಚ್ಚಿನ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಶನಿವಾರವೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ನಾಲ್ಕನೆಯ ಸಾಲಿನಲ್ಲೇ ಇತ್ತು. ‘ಗುಂಪು’ ಎಂಬ ಹೆಸರಿನ ಮುಂದೆ ಸರ್ ‘ಸ್ಟ್ಯಾಟಿಕ್’ ಎಂದು ಬರೆದಿದ್ದರು. ಒಂದು ಫೈಲಿನ ಹೆಸರು ಹೊರಗಿನವರಿಗೆ ಕಾಣಬಾರದೆಂದರೆ ಹಾಗೆ ಬರೆಯುವುದು ಪುಸ್ತಕದ ಉಪದೇಶ. ಅಭ್ಯಾಸಬಲದಿಂದ ಬರೆದಿದ್ದರು, ನಮ್ಮ ಮಾತು ಮರೆತಿದ್ದರು. ಹೆಸರು ಒಳಗೇ ಅಡಗಿದ್ದರಿಂದ ಲಿಂಕರ್ ‘ಸಿಗುತ್ತಿಲ್ಲ’ ಎಂದಿತ್ತು. ಅದು ಖರೆಯನ್ನೇ ಹೇಳಿತ್ತು. ಅದರ ಬಾಯಿ ಮುಚ್ಚಿಸಲು ನಾನು ಅದೇ ಹೆಸರಿನ ಇನ್ನೊಂದು ಜಾಗವನ್ನು ನನ್ನ ಫೈಲಿನಲ್ಲಿ ಹುಟ್ಟಿಸಿದೆ. ಈಗ ಒಂದೇ ಹೆಸರಿನವು ಎರಡು. ನಾನು ಟೈಪು ಮಾಡಿದ್ದು ನನ್ನದರಲ್ಲಿ ಹೋಗಿ ಕೂತು, ಕಾಗದದ ತಲೆಬರಹವಾಗಿ ಅಚ್ಚಾಗುತ್ತಿತ್ತು. ಹುಡುಕುವ ಕೆಲಸ ಮಾತ್ರ ಅವರದನ್ನು ನೋಡಿ ನಡೆಯುತ್ತಿತ್ತು. ಅದರಲ್ಲಿ ಯಾವಾಗಲೂ ಸೊನ್ನೆ. ಸೊನ್ನೆ ಎಂದರೆ ನಮ್ಮ ಕ್ರಮದಲ್ಲಿ ಮೊದಲ ಗುಂಪು, ಎ ಪಾಸಿಟಿವ್. ಏನು ಕೇಳಿದರೂ ಬರುತ್ತಿದ್ದುದು ಅದೇ ಮೂವತ್ತೊಂದು ಮಂದಿ, ಬೇರೆ ಬೇರೆ ತಲೆಬರಹದ ಕೆಳಗೆ.

ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. ಅವರ ಸಾಲಿನ ‘ಸ್ಟ್ಯಾಟಿಕ್’ ತೆಗೆದೆ, ನನ್ನ ಸಾಲಿಗೆ ‘ಎಕ್ಸ್‌ಟರ್ನ್’ ಮರಳಿ ಹಾಕಿದೆ. ಕೂಡಿಸಿದರೆ ಮತ್ತೆ ಅದೇ ತಕರಾರು, ಅದೇ ಅಡ್ಡಗೆರೆ. ನನಗೆ ಅಳು ಬಂದುಬಿಟ್ಟಿತು. ಕಣ್ಣೊರೆಸಿಕೊಂಡು ಪರದೆಯ ಮೇಲಿನ ಒಂದೊಂದು ಸಾಲನ್ನೂ ಬಾಯಿಬಿಟ್ಟು ಓದಿಕೊಂಡೆ. ಗಡಿಬಿಡಿಯಲ್ಲಿ ನನ್ನ ಫೈಲನ್ನಷ್ಟೇ ಹೊಸದಾಗಿ ಕಂಪೈಲ್ ಮಾಡಿದ್ದೆ. ಸರ್ ಅವರ ಫೈಲು ತಿದ್ದಿದ್ದರೂ ಲಿಂಕರಿಗೆ ಸಿಕ್ಕದ್ದು ಅದರ ಹಳೆಯ ತುಣುಕು. ಅದನ್ನೂ ಕಂಪೈಲ್ ಮಾಡಿ ಕೂಡಿಸಿದೆ. ಒಂದೂ ತಪ್ಪಿಲ್ಲ ಎಂದು ಬಂತು. ಆ ಮಾತನ್ನು ಈ ಸಲ ನಾನು ನಂಬಲಿಲ್ಲ. ಗುಂಪು ಗೊತ್ತಿದ್ದ ಮೂವರು ಸಹೋದ್ಯೋಗಿಗಳನ್ನು, ಅವರವರ ಗುಂಪು ಟೈಪು ಮಾಡಿ, ಒಬ್ಬೊಬ್ಬರಾಗಿ ಹುಡುಕಿ ನೋಡಿದೆ. ಸರಿಯಾಗಿ ಬಂದರು. ಆಮೇಲೆ ಓ ನೆಗೆಟಿವ್ ಎಂದು ಟೈಪು ಮಾಡಿದೆ.

ಮೂರೇ ಹೆಸರು. ಶಿರಹಟ್ಟಿಯ ಒಬ್ಬ ಮಾಸ್ತರರು. ಧಾರವಾಡಕ್ಕೆ ಓದಲು ಹೋಗಿದ್ದ ಒಬ್ಬ ವಿದ್ಯಾರ್ಥಿ. ಮೂರನೆಯದು ತಿಪ್ಪಣ್ಣ, ನೇಕಾರ, ಬೆಟಗೇರಿ.

ಬೆಟಗೇರಿ. ನಮ್ಮ ಕಾಲೇಜಿನಿಂದ ಆಟೋದಲ್ಲಿ ಹತ್ತು ನಿಮಿಷ. ಬೆಳಿಗ್ಗೆ ಹತ್ತೂವರೆಯಿಂದ ಆ ಮನುಷ್ಯ ಹತ್ತು ನಿಮಿಷದ ದೂರದಲ್ಲಿ ಕೂತಿದ್ದ. ನಾನು ಜೀಪನ್ನು ಯಳವತ್ತಿಗೆ ಕಳಿಸಿದ್ದೆ.

ಶಿರಹಟ್ಟಿಯ ಹೆಸರನ್ನು ದವಾಖಾನೆಗೆ ಫೋನಿನಲ್ಲಿ ತಿಳಿಸಿ ನಾನೇ ಬೆಟಗೇರಿಗೆ ಹೋದೆ. ತಿಪ್ಪಣ್ಣ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ನಲವತ್ತರ ಬಡಕಲು ಆಳು. ನಾನು ಏದುಸಿರು ಬಿಡುತ್ತ ಹೇಳಿದ್ದರಲ್ಲಿ ಅವನಿಗೆ ಎಷ್ಟು ತಿಳಿಯಿತೋ. ಲಾಳಿಯನ್ನು ಪಕ್ಕಕ್ಕಿಟ್ಟ, ಹೆಂಡತಿಯನ್ನು ಕರೆದು ಎಳೆ ಹಿಡಿಯಲು ಹೇಳಿದ, ಅಂಗಿ ತೊಟ್ಟುಕೊಂಡ. ದಾರಿಯಲ್ಲಿ ಒಂದೇ ಮಾತು ಕೇಳಿದ. “ಮುಂಜಾನಿಂದ ಕಾಯಾಕತ್ತಾರೇನ್ರಿ ಬಾಯಾರ?” ನಾನು ಹೌದೆಂದೆ. ಅವನು ಆಟೋದವನಿಗೆ ಜೋರಾಗಿ ನಡೆಸು ಎಂದ.

ದವಾಖಾನೆಯ ಪಡಸಾಲೆಯಲ್ಲಿ ಯಳವತ್ತಿಯ ಇಬ್ಬರು ರೈತರೂ ಬಂದು ಕೂತಿದ್ದರು. ಹೆಸರುಕಾಯಿ ಬಿಡಿಸುವುದನ್ನು ಬಿಟ್ಟು, ಎರೆಮಣ್ಣು ಮೆತ್ತಿದ ಕಾಲಲ್ಲೇ ಜೀಪು ಹತ್ತಿದ್ದರು. ಅವರಿಗೆ ಆಗಲೇ ತಿಳಿದಿತ್ತು, ತಮ್ಮ ರಕ್ತ ಆ ಹುಡುಗಿಗೆ ಹೊಂದುವುದಿಲ್ಲವೆಂದು. ಬೈಯಲಿ ಎಂದು ನಾನು ಅವರೆದುರು ಹೋಗಿ ನಿಂತೆ. ಅವರಲ್ಲಿ ಹಿರಿಯನಾದ ಬಸಪ್ಪ ಇಮಾಮಸಾಬರನ್ನು ಕೇಳುತ್ತಿದ್ದ, ಬಂದದ್ದಂತೂ ಬಂದಾಗಿದೆ, ಮತ್ತೆ ಯಾರಿಗಾದರೂ ಆಗುತ್ತದೆ, ನನ್ನದನ್ನೂ ತೆಗೆದುಕೊಳ್ಳಿ ಎಂದು.

ತಿಪ್ಪಣ್ಣನ ರಕ್ತ ಹೊಂದಿತು. ಎರಡು ಗಂಟೆಗೆ ಆಪರೇಶನ್ ಕೋಣೆಯ ಬಾಗಿಲು ಮುಚ್ಚಿತು. ಸಂಜೆ ಐದಕ್ಕೆ ಶಿರಹಟ್ಟಿಯ ಮಾಸ್ತರರೂ ಬಂದು ಇನ್ನೊಂದು ಬಾಟಲಿ ಕೊಟ್ಟರು. ಹುಡುಗಿ ಉಳಿದಳು. ಮಗು ಉಳಿಯಲಿಲ್ಲ.

ಡಾಕ್ಟರು ಹೊರಗೆ ಬಂದು, ಮಗುವಿನ ಎದೆಬಡಿತ ಬೆಳಿಗ್ಗೆ ಅವಳನ್ನು ಕರೆತಂದಾಗಲೇ ಕೇಳಿರಲಿಲ್ಲ, ತಡವಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನನಗೆ ಹೇಳಿದರು. ಆ ಮಾತು ಹೇಳುವಾಗ ಅವರು ಕೈಯ ಟವೆಲನ್ನು ನೋಡುತ್ತಿದ್ದರು. ಅದು ನಿಜವೇ, ನನ್ನ ಮೇಲಿನ ಕನಿಕರವೇ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ದವಾಖಾನೆಗೆ ಹೋದೆ. ಹುಡುಗಿಯ ಹೆಸರು ಶಾಂತವ್ವ, ಇಪ್ಪತ್ತರ ಆಸುಪಾಸು. ಕಣ್ಣು ಮುಚ್ಚಿ ಮಲಗಿದ್ದಳು. ಪಕ್ಕದಲ್ಲಿ ನೆಲದ ಮೇಲೆ ಅತ್ತೆ ಗಂಗವ್ವ. ರಕ್ತ ಹುಡುಕಿಕೊಟ್ಟ ಬಾಯಾರು ಇವರೇ ಎಂದು ನರ್ಸ್ ಪರಿಚಯಿಸಿದ್ದೇ, ಮುದುಕಿ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ನಾನು ಕೈ ಬಿಡಿಸಿಕೊಂಡೆ. ಅವಳ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಯಂತ್ರ ತಪ್ಪು ಹೆಸರು ಕೊಟ್ಟಿತು, ಹಾಗೆ ಕೊಡುವಂತೆ ಮಾಡಿದವಳು ನಾನು, ನನ್ನಿಂದ ಮೂರು ತಾಸು ಹೋದವು.

ಗಂಗವ್ವ ಎದ್ದು ಸೊಸೆಯ ಹೊದಿಕೆ ಸರಿಮಾಡಿದಳು. ಆಮೇಲೆ ಕೇಳಿದಳು. “ಈಗರೆ ಅದು ಖರೆ ಹೇಳತೈತೇನವ್ವಾ?”

ಹೌದೆನ್ನಲು ಬಾಯಿ ತೆರೆದೆ. ಮೂವರ ಹೆಸರಿನಲ್ಲಿ ಪರೀಕ್ಷೆ ಮಾಡಿದ್ದೆನಷ್ಟೆ. ಉಳಿದವರದು? “ನೋಡಿ ಬಂದು ಹೇಳ್ತೀನ್ರಿ” ಎಂದು ಎದ್ದೆ.

ಸುದ್ದಿ ತಿಳಿದು ಮಲ್ಲಿಕಾರ್ಜುನ ಸರ್ ಮದುವೆಯ ಮರುದಿನವೇ, ಕೈಯ ಕಂಕಣದ ದಾರ ಬಿಚ್ಚುವ ಮೊದಲೇ ಬಂದರು. ಬಡಿಗ ಆಗಲೇ ಕಪಾಟಿನ ಬೀಗ ಒಡೆದಿದ್ದ. ‘ಸ್ಟ್ಯಾಟಿಕ್’ ಎಂಬ ಪದ ನೋಡಿ ಸರ್ ಬಿಳಿಚಿಕೊಂಡರು. ತಪ್ಪು ತಮ್ಮದು ಎಂದರು. ನನ್ನದು ಎಂದೆ ನಾನು. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ. ಎಲ್ಲ ಕಾರ್ಡುಗಳನ್ನು ಹೊರಗೆ ತೆಗೆದೆವು. ಅವರು ಒಂದೊಂದನ್ನೇ ಓದುವುದು, ನಾನು ಪರದೆಯಲ್ಲಿ ಆ ಹೆಸರು ತಂದು ಗುಂಪು ಓದುವುದು. ಶುಕ್ರವಾರ, ಶನಿವಾರ, ಭಾನುವಾರ ಅದೇ ಕೆಲಸ. ಪ್ರೋಗ್ರಾಮು ಸರಿಯಿತ್ತು. ಕಾರ್ಡಿನಿಂದ ಟೈಪು ಮಾಡುವಾಗ ಇಬ್ಬರ ಗುಂಪನ್ನು ನಾವೇ ತಪ್ಪಾಗಿ ಹಾಕಿದ್ದು ಸಿಕ್ಕಿತು. ಆ ಎರಡನ್ನು ಕಂಡಾಗಲೂ ನನಗೆ ಬುಧವಾರದಷ್ಟೇ ದಿಗಿಲಾಯಿತು.

ಎರಡು ವಾರ ಕಳೆದು ದವಾಖಾನೆಗೆ ಹೋದರೆ ಅವರು ಊರಿಗೆ ಹೋಗಿದ್ದರು. ಹಿರೇಹಂದಿಗೋಳದ ಬಸ್ಸು ಹತ್ತಿದೆ. ಮನೆ ಕೇಳಿಕೊಂಡು ಹೋದಾಗ ಮಧ್ಯಾಹ್ನ. ಅಂಗಳದಲ್ಲಿ ಹೆಸರುಕಾಯಿ ಒಣಹಾಕಿದ್ದರು, ಮೋಡದ ಬಿಸಿಲಿಗೆ ಒಂದೊಂದೇ ಚಟಚಟ ಒಡೆಯುತ್ತಿತ್ತು. ಗಂಗವ್ವ ಹೊಲಕ್ಕೆ ಹೋಗಿದ್ದಳು. ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಶಾಂತವ್ವ ಕೂತಿದ್ದಳು. ಮುಖದಲ್ಲಿ ಇನ್ನೂ ಬಣ್ಣ ಬಂದಿರಲಿಲ್ಲ. ನಾನು ಯಾರೆಂದು ಹೇಳಿದೆ. ಗೊತ್ತು, ಅತ್ತೆ ಎಲ್ಲ ಹೇಳಿದ್ದಾಳೆ ಎಂದಳು. ಒಳಗೆ ಹೋಗಿ ನೀರು ತಂದಿಟ್ಟಳು.

“ನಿಮ್ಮತ್ತಿ ಒಂದ ಮಾತು ಕೇಳಿದ್ರು. ಹೌದು, ಈಗ ಖರೆ ಹೇಳತೈತಿ, ಎಲ್ಲಾ ನೋಡೀವಿ ಅಂತ ಹೇಳಾಕ ಬಂದೆ” ಎಂದೆ.

ಅವಳು ತಲೆಯಾಡಿಸಿದಳು. ಆ ರಕ್ತ ಇದ್ದವರು ನಿಮ್ಮ ಕಾಗದದಲ್ಲಿ ಎಷ್ಟು ಮಂದಿ ಎಂದು ಕೇಳಿದಳು. ಮೂವರು ಎಂದೆ, ನಾಲ್ಕು ಊರಿನ ಕಾರ್ಡು ಹುಡುಕಿದರೂ ಮೂವರೇ. ಕಟ್ಟೆಗೆ ಸಿಡಿದು ಬಿದ್ದಿದ್ದ ಹೆಸರುಕಾಳನ್ನು ಅವಳು ಹೆಕ್ಕಿ ಅಂಗಳಕ್ಕೆ ಹಾಕಿದಳು.

“ನನ್ನದೂ ಅದ ರಕ್ತ ಅಲ್ಲೇನ್ರೀ. ನನ್ನ ಹೆಸರೂ ಬರ್ಕೋರಿ.”

ನಾನು ಬೆಚ್ಚಿಬಿದ್ದೆ. ಮಗು ಕಳೆದುಕೊಂಡು ತಿಂಗಳೂ ಆಗಿರಲಿಲ್ಲ. ಈಗ ನೀನು ಕೊಡುವ ಹಾಗಿಲ್ಲ, ಮೈ ತುಂಬಿಕೊಳ್ಳಬೇಕು, ಒಂದು ವರ್ಷವಾದರೂ ಬೇಕು ಎಂದೆ. ವರ್ಷವಾದ ಮೇಲೆ ಕರೆಯಿರಿ, ಆದರೆ ಹೆಸರು ಇವತ್ತೇ ಬರೆಯಿರಿ, ಇನ್ನೊಬ್ಬಳು ಹಾಗೆ ಮಲಗಿರುವಾಗ ನಾನೊಬ್ಬಳು ಇದ್ದದ್ದು ನಿಮಗೆ ತಿಳಿಯದೆ ಹೋಗಬಾರದು ಎಂದಳು.

ಚೀಲದಲ್ಲಿ ಖಾಲಿ ಕಾರ್ಡು ಇರಲಿಲ್ಲ. ಬಸ್ಸಿನ ಟಿಕೀಟಿನ ಹಿಂದೆ ಬರೆದೆ: ಶಾಂತವ್ವ, ಹಿರೇಹಂದಿಗೋಳ, ಓ ನೆಗೆಟಿವ್. ಬರೆದದ್ದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸರಿ ಇದೆಯೇ ಎಂದು ಕೇಳಿದೆ. ಇದೆ ಎಂದಳು. ಇನ್ನೊಮ್ಮೆ ಓದಿದೆ.